ಬಯಾಲಜಿ ಓದಿ ಆಗಿದೆ ಅನ್ನೋರು ಪುಸ್ತಕ ಮುಚ್ಚಿ ದಾರಿ ಹೇಳಿ ನೋಡೋಣ

ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ತಿದ್ದಿ ಕೈಗೆ ಕೊಟ್ಟ ದಿನ ಪ್ರತಿ ವರ್ಷ ಇದೇ ಮಾತು. "ಟೀಚರ್, ಬಯಾಲಜಿ ಎಲ್ಲಾ ಓದಿದ್ದೆರಿ, ಬರಿಯಾಕ ಕುಂತಾಗ ಒಂದೂ ನೆನಪಾಗ್ಲಿಲ್ರಿ." ಮಕ್ಕಳು ಸುಳ್ಳು ಹೇಳುತ್ತಿರುವುದಿಲ್ಲ. ಓದಿರುತ್ತಾರೆ. ಪಾಠದ ಸಾಲುಗಳ ಕೆಳಗೆ ಬಣ್ಣಬಣ್ಣದ ಗೆರೆ ಎಳೆದಿರುತ್ತಾರೆ, ಗೈಡಿನ ಉತ್ತರದ ಮೇಲೆ ನಾಲ್ಕಾರು ಸಲ ಕಣ್ಣಾಡಿಸಿರುತ್ತಾರೆ. ತೊಂದರೆ ಇರೋದು ಅಲ್ಲೇ. ಮತ್ತೆ ಮತ್ತೆ ನೋಡಿದ್ದು ಪರಿಚಯ ಆಗಿಬಿಡುತ್ತದೆ, ಪರಿಚಯ ಆಗಿದ್ದೆಲ್ಲ ತನಗೆ ಬರುತ್ತದೆ ಅಂತ ಅನ್ನಿಸಿಬಿಡುತ್ತದೆ. ಪರೀಕ್ಷೆಯಲ್ಲಿ ಮುಂದೆ ಇರೋದು ಖಾಲಿ ಹಾಳೆ, ಪುಸ್ತಕ ಅಲ್ಲವಲ್ಲ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ಮೌಲ್ಯಮಾಪನಕ್ಕೂ ಹೋಗುತ್ತೇನೆ. ಪೇಪರಿನ ಲೆಕ್ಕ ಮೊದಲು ಮುಗಿಸಿಬಿಡೋಣ. ಎಸ್‌ಎಸ್‌ಎಲ್‌ಸಿಯಲ್ಲಿ ಜೀವಶಾಸ್ತ್ರಕ್ಕೆ ಬೇರೆ ಪೇಪರ್ ಇಲ್ಲ. 80 ಅಂಕದ ವಿಜ್ಞಾನ ಪೇಪರಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಅದೂ ಒಂದು ಭಾಗ. ಉಳಿದ 20 ಅಂಕ ಆಂತರಿಕ ಮೌಲ್ಯಮಾಪನದ್ದು. ಪಾಠಗಳೂ ಬಹಳ ಇಲ್ಲ: ಜೀವಕ್ರಿಯೆಗಳು, ನಿಯಂತ್ರಣ ಮತ್ತು ಸಹಭಾಗಿತ್ವ, ಸಂತಾನೋತ್ಪತ್ತಿ, ಅನುವಂಶೀಯತೆ, ನಮ್ಮ ಪರಿಸರ. ಅಕ್ಕನದೋ ಅಣ್ಣನದೋ ಹಳೆ ಗೈಡು ಹಿಡಿದು ಓದುವವರು ಒಮ್ಮೆ ಈ ವರ್ಷದ ಪುಸ್ತಕದ ಪಕ್ಕ ಇಟ್ಟು ನೋಡಿ. ನಮ್ಮ ವಿಜ್ಞಾನ ಪುಸ್ತಕ ರೂಪಿಸೋ ಎನ್‌ಸಿಇಆರ್‌ಟಿಯವರು 2023ರಲ್ಲಿ 10ನೇ ತರಗತಿ ವಿಜ್ಞಾನದಿಂದ ಜೀವವಿಕಾಸದ ಭಾಗವನ್ನೇ ತೆಗೆದರು. (ತೆಗೆದದ್ದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ, ಅದರ ಜಗಳ ಇನ್ನೊಮ್ಮೆ ಆಡೋಣ.) ಪುಸ್ತಕದಲ್ಲಿ ಇಲ್ಲದ ಪಾಠಕ್ಕೆ ಮಾರ್ಚ್ ತಿಂಗಳಲ್ಲಿ ರಾತ್ರಿ ನಿದ್ದೆಗೆಡೋದು ಯಾಕೆ?

ಇನ್ನು ಓದೋ ವಿಷಯ. ಜೀವಶಾಸ್ತ್ರದ ಬಹುಪಾಲು ಪ್ರಶ್ನೆಗಳು ಯಾವುದೋ ಒಂದು ದಾರಿಯ ಮೇಲೆ ಇರುತ್ತವೆ. ತುತ್ತು ಹೋಗೋ ದಾರಿ, ರಕ್ತ ತಿರುಗೋ ದಾರಿ, ಮೂತ್ರ ಆಗೋ ದಾರಿ, ನರದ ಸಂದೇಶದ ದಾರಿ, ಪರಾಗ ಇಳಿಯೋ ದಾರಿ, ಬಿಸಿಲಿನ ಶಕ್ತಿ ಹುಲ್ಲಿನಿಂದ ತೋಳದ ತನಕ ಹೋಗೋ ದಾರಿ. ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಚಿಗರಿ ಬಸ್ಸಿನಲ್ಲಿ ಓಡಾಡೋ ಹುಡುಗನಿಗೆ ರಾಯಾಪುರ, ನವನಗರ, ಉಣಕಲ್, ವಿದ್ಯಾನಗರ ಅಂತ ಯಾರೂ ಬಾಯಿಪಾಠ ಮಾಡಿಸಿಲ್ಲ, ಆದರೂ ನಿದ್ದೆಗಣ್ಣಲ್ಲೂ ಮುಂದಿನ ಸ್ಟಾಪ್ ಯಾವುದು ಅಂತ ಹೇಳುತ್ತಾನೆ. ಪಾಠವೂ ಹಾಗೇ ಬರಬೇಕು. ಮೊದಲು ದಾರಿ. ಆಮೇಲೆ ಒಂದೊಂದು ನಿಲ್ದಾಣದಲ್ಲಿ ಏನಾಗುತ್ತದೆ, ಯಾಕಾಗುತ್ತದೆ. ವ್ಯಾಖ್ಯೆಗಳು ಕೊನೆಗೆ.

ಹೃದಯವನ್ನೇ ತೆಗೆದುಕೊಳ್ಳಿ. ದೇಹ ಸುತ್ತಿ ಆಮ್ಲಜನಕ ಕಳೆದುಕೊಂಡ ರಕ್ತ ಬಲ ಹೃತ್ಕರ್ಣಕ್ಕೆ (ಮೇಲಿನ ಕೋಣೆ) ಬರುತ್ತದೆ. ಅಲ್ಲಿಂದ ಬಲ ಹೃತ್ಕುಕ್ಷಿ (ಕೆಳಗಿನ ಕೋಣೆ). ಅಲ್ಲಿಂದ ಪುಪ್ಪುಸಕ ಅಪಧಮನಿ ಹಿಡಿದು ಶ್ವಾಸಕೋಶಕ್ಕೆ. ಅಲ್ಲಿ ಆಮ್ಲಜನಕ ತುಂಬಿಕೊಂಡು ಪುಪ್ಪುಸಕ ಅಭಿಧಮನಿಗಳಲ್ಲಿ ಎಡ ಹೃತ್ಕರ್ಣಕ್ಕೆ, ಎಡ ಹೃತ್ಕುಕ್ಷಿಗೆ, ಮಹಾಪಧಮನಿಯಿಂದ ಮತ್ತೆ ಇಡೀ ದೇಹಕ್ಕೆ. ಒಂದು ಸುತ್ತಿಗೆ ರಕ್ತ ಎರಡು ಸಲ ಹೃದಯ ಹಾದುಹೋಯಿತು, ಇದೇ ಇಮ್ಮಡಿ ಪರಿಚಲನೆ. ಈ ದಾರಿ ಬಂದವರಿಗೆ ಎಷ್ಟು ಪ್ರಶ್ನೆ ಪುಕ್ಕಟೆ ಬರುತ್ತವೆ ನೋಡಿ. ಹೃತ್ಕರ್ಣಕ್ಕಿಂತ ಹೃತ್ಕುಕ್ಷಿಯ ಗೋಡೆ ಯಾಕೆ ದಪ್ಪ? ಹೃತ್ಕರ್ಣ ಪಕ್ಕದ ಕೋಣೆಗೆ ತಳ್ಳಿದರೆ ಸಾಕು, ಹೃತ್ಕುಕ್ಷಿ ದೂರದ ಅಂಗಗಳಿಗೆ ತಳ್ಳಬೇಕು. ಕವಾಟ ಯಾಕೆ? ಒತ್ತಿದ ರಕ್ತ ಹಿಂದಕ್ಕೆ ಬರಬಾರದು. ಅಪಧಮನಿ ಅಂದರೆ ಶುದ್ಧ ರಕ್ತ ಅಂತ ಉರು ಹೊಡೆದವರು ಮಾತ್ರ ಪುಪ್ಪುಸಕ ಅಪಧಮನಿ ಹತ್ತಿರ ಬಂದು ಎಡವುತ್ತಾರೆ. ಹೃದಯದಿಂದ ಆಚೆ ಒಯ್ಯೋದು ಅಪಧಮನಿ, ಹೃದಯಕ್ಕೆ ತರೋದು ಅಭಿಧಮನಿ, ಅಷ್ಟೇ.

ಮೂತ್ರಜನಕಾಂಗವೂ ಹೀಗೇ. ಗ್ಲೋಮೆರುಲಸ್ ಅನ್ನೋ ಸಣ್ಣ ರಕ್ತನಾಳಗಳ ಗಂಟಿನಲ್ಲಿ ರಕ್ತ ಸೋಸುತ್ತದೆ, ಸೋಸಿದ್ದು ಅದನ್ನು ಸುತ್ತಿರೋ ಬಟ್ಟಲಿನಂಥ ಬೌಮನ್ನನ ಕೋಶಕ್ಕೆ ಇಳಿಯುತ್ತದೆ, ನಳಿಕೆಯಲ್ಲಿ ಹೋಗುತ್ತಾ ಹೋಗುತ್ತಾ ಗ್ಲೂಕೋಸ್, ಅಮೈನೋ ಆಮ್ಲ, ಲವಣ, ಬಹಳಷ್ಟು ನೀರು ವಾಪಸ್ ರಕ್ತಕ್ಕೆ ಸೇರುತ್ತವೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿದರೂ ಹೊರಗೆ ಬರೋದು ಒಂದೆರಡು ಲೀಟರ್. ಈ ಎರಡು ಅಂಕಿಗಳನ್ನು ತಲೆಯಲ್ಲಿಟ್ಟುಕೊಂಡರೆ ಮರುಹೀರಿಕೆ ಯಾಕೆ ಬೇಕು ಅಂತ ಮತ್ತೆ ಯಾರೂ ಹೇಳಿಕೊಡಬೇಕಿಲ್ಲ.

ಅಭ್ಯಾಸ ಹೇಗೆ? ಪುಸ್ತಕ ಮುಚ್ಚಿ, ದಾರಿಯನ್ನು ಬಾಯಲ್ಲಿ ಹೇಳಿ. ಎಲ್ಲಿ ನಿಂತಿರೋ ಅಲ್ಲಿಗೆ ಮಾತ್ರ ಪುಸ್ತಕ ತೆಗೆದು ನೋಡಿ, ಮುಚ್ಚಿ, ಮತ್ತೆ ಮೊದಲಿನಿಂದ. ಮಾರನೇ ದಿನ ಅದನ್ನೇ ಹಾಳೆ ಮೇಲೆ ಬರೆಯಿರಿ. ನಾಲ್ಕು ದಿನ ಬಿಟ್ಟು ಮತ್ತೊಮ್ಮೆ. ಹತ್ತು ಸಲ ಓದೋದಕ್ಕಿಂತ ಇದು ಕಷ್ಟ ಅನ್ನಿಸುತ್ತದೆ, ಬೇಸರವೂ ಆಗುತ್ತದೆ, ಯಾಕೆಂದರೆ ಬರದೇ ಇರೋದು ಎದುರಿಗೇ ಕಾಣುತ್ತದೆ. ಅದು ಫೆಬ್ರವರಿಯಲ್ಲಿ ಮನೆಯಲ್ಲೇ ಕಂಡರೆ ಒಳ್ಳೆಯದಲ್ವಾ? ಮನೆಯವರಿಗೂ ಒಂದು ಕೆಲಸ ಕೊಡುತ್ತೇನೆ. "ನಮಗೇನ್ ಗೊತ್ತಾಗ್ತೈತ್ರಿ ಟೀಚರ್, ನಾವು ಸಾಲಿ ಕಲಿತವ್ರಲ್ಲ" ಅಂತ ತಾಯಂದಿರು ಹೇಳುತ್ತಾರೆ. ಏನೂ ಗೊತ್ತಿರಬೇಕಿಲ್ಲ. ರೊಟ್ಟಿ ಬಡಿಯುತ್ತಾ ಮಗಳನ್ನು ಪಕ್ಕ ಕೂರಿಸಿಕೊಂಡು "ಮುಂದ?" "ಯಾಕ?" ಅಂತ ಎರಡೇ ಮಾತು ಕೇಳಿ. ಅವಳು ತಡವರಿಸಿದ ಜಾಗದಲ್ಲೇ ಅವಳ ಓದು ಬಾಕಿ ಇದೆ. ಅಷ್ಟೊತ್ತಿಗೆ ಕೈ ಕಾದ ಹಂಚಿಗೆ ತಾಗಿ ಸಟ್ಟನೆ ಹಿಂದಕ್ಕೆ ಬಂದರೆ ಅದನ್ನೇ ಪ್ರಶ್ನೆ ಮಾಡಿ. ಚರ್ಮದ ಗ್ರಾಹಕದಿಂದ ಜ್ಞಾನವಾಹಿ ನರ, ಮಿದುಳುಬಳ್ಳಿ, ಕ್ರಿಯಾವಾಹಿ ನರ, ತೋಳಿನ ಸ್ನಾಯು. ಮಿದುಳಿಗೆ ಸುದ್ದಿ ಮುಟ್ಟುವುದು ಇರುತ್ತದೆ, ಆದರೆ ಕೈ ಅದರ ಅಪ್ಪಣೆಗೆ ಕಾಯೋದಿಲ್ಲ.

ಈಗ ಅಂಕ ಜಾಸ್ತಿ ಸೋರೋ ಜಾಗಕ್ಕೆ ಬರುತ್ತೇನೆ. ಪ್ರಶ್ನೆ "ಏಕೆ" ಅಂತ ಕೇಳಿರುತ್ತದೆ, ಉತ್ತರ "ಹೇಗೆ" ಅಂತ ಇರುತ್ತದೆ. ಸಸ್ತನಿಗಳಲ್ಲಿ, ಹಕ್ಕಿಗಳಲ್ಲಿ ಆಮ್ಲಜನಕ ಇರೋ ರಕ್ತ, ಇಲ್ಲದ ರಕ್ತ ಎರಡನ್ನೂ ಬೇರೆ ಬೇರೆ ಇಡುವುದು ಏಕೆ ಅಗತ್ಯ ಅಂತ ಪುಸ್ತಕದಲ್ಲೇ ಒಂದು ಪ್ರಶ್ನೆ ಇದೆ. ಇದಕ್ಕೆ ಪುಟಗಟ್ಟಲೆ ಇಮ್ಮಡಿ ಪರಿಚಲನೆ ಬರೆದವರಿದ್ದಾರೆ, ಚಿತ್ರ ಬರೆದು ಬಣ್ಣ ತುಂಬಿದವರೂ ಇದ್ದಾರೆ. ಕೇಳಿದ್ದು ಕಾರಣ. ಈ ಪ್ರಾಣಿಗಳು ಮೈ ಬಿಸಿಯನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳಬೇಕು, ಅದಕ್ಕೆ ಶಕ್ತಿ ಜಾಸ್ತಿ ಬೇಕು, ರಕ್ತ ಬೆರೆಯದೇ ಇದ್ದರೆ ಆಮ್ಲಜನಕದ ಪೂರೈಕೆ ಚೆನ್ನಾಗಿ ಆಗುತ್ತದೆ. ಮೂರು ಸಾಲು. ನೀರಿನ ಜೀವಿಗಳು ನೆಲದ ಜೀವಿಗಳಿಗಿಂತ ಬೇಗ ಬೇಗ ಉಸಿರಾಡುವುದೇಕೆ ಅನ್ನೋದಕ್ಕೂ ಕಿವಿರಿನ ರಚನೆ ಯಾರಿಗೂ ಬೇಡ, ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಕರಗಿರೋ ಆಮ್ಲಜನಕ ಬಹಳ ಕಡಿಮೆ ಅಂದರೆ ಮುಗಿಯಿತು. ಪ್ರಶ್ನೆಯ ಕೊನೆಯ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ಆಮೇಲೆ ಬರೆಯೋಕೆ ಶುರು ಮಾಡಿ. ಹೆಸರಿಸಿ ಅಂದಲ್ಲಿ ವಿವರಿಸಬೇಡಿ. ವ್ಯತ್ಯಾಸ ಅಂದಲ್ಲಿ ಎರಡು ಕಂಬ ಮಾಡಿ, ಒಂದೇ ಅಂಶಕ್ಕೆ ಎರಡೂ ಕಡೆ ಉತ್ತರ ಇರಲಿ. ಎಡಗಡೆ ಬಣ್ಣ, ಬಲಗಡೆ ಜಾಗ ಬರೆದರೆ ಅದು ವ್ಯತ್ಯಾಸ ಹೇಗಾಗುತ್ತದೆ?

ಚಿತ್ರದ ಬಗ್ಗೆ ಮಕ್ಕಳಿಗೆ ಸುಮ್ನೆ ಹೆದರಿಕೆ. ಇದು ಡ್ರಾಯಿಂಗ್ ಪರೀಕ್ಷೆ ಅಲ್ಲ. ಹೃದಯ, ನೆಫ್ರಾನ್ (ಮೂತ್ರಜನಕಾಂಗದಲ್ಲಿ ಸೋಸೋ ಘಟಕ), ಜೀರ್ಣಾಂಗ, ಮಿದುಳು, ನರಕೋಶ, ಹೂವಿನ ಉದ್ದ ಸೀಳಿಕೆ, ಇಷ್ಟನ್ನು ನೋಡದೇ ಬರೆಯಲು ಬಂದರೆ ಎದೆಯ ಭಾರ ಅರ್ಧ ಇಳಿಯುತ್ತದೆ. ಮೊನಚಾದ ಪೆನ್ಸಿಲ್, ಅರ್ಧ ಪುಟದಷ್ಟು ಗಾತ್ರ, ನೆರಳು ತುಂಬೋದು ಬೇಡ, ಗುರುತಿನ ಗೆರೆಗಳು ಒಂದನ್ನೊಂದು ದಾಟಬಾರದು, ತುದಿ ಆ ಭಾಗಕ್ಕೆ ಮುಟ್ಟಲೇಬೇಕು. ಪ್ರಶ್ನೆಯಲ್ಲಿ ಎರಡು ಭಾಗಗಳನ್ನು ಹೆಸರು ಹೇಳಿ ಗುರುತಿಸಿ ಅಂದಿದ್ದರೆ ಮೊದಲು ಆ ಎರಡು. ಇಡೀ ಹೃದಯಕ್ಕೆ ಹೆಸರು ಬರೆದು ಕೇಳಿದ್ದನ್ನೇ ಬಿಟ್ಟ ಪೇಪರ್ ನನ್ನ ಕೈಗೆ ಬಂದಿವೆ, ಕನಿಕರ ಬಂದರೂ ಅಂಕ ಕೊಡಲು ಬರುವುದಿಲ್ಲ. ಹಾಗೆಯೇ ಚಿತ್ರದಲ್ಲಿ ನಿಮ್ಮ ಎಡಗೈ ಕಡೆ ಇರೋದು ಹೃದಯದ ಬಲಭಾಗ. ನಿಮ್ಮ ಎದುರು ನಿಂತವರ ಎದೆ ಅದು.

ಹೂವಿನ ಪಾಠ ನಮ್ಮ ಕಡೆ ಮಕ್ಕಳಿಗೆ ಕಷ್ಟ ಆಗಲೇಬಾರದು. ರಾಣೆಬೆನ್ನೂರು ಸುತ್ತ ಬೀಜೋತ್ಪಾದನೆಯ ಹತ್ತಿ ಹೊಲಗಳಲ್ಲಿ ಹೂವಿಗೆ ಕ್ರಾಸ್ ಮಾಡೋ ಕೆಲಸ ನೋಡಿದ್ದೀರಲ್ಲ? ನಾಳೆ ಅರಳೋ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಹುಡುಕಿ, ದಳ ಬಿಡಿಸಿ, ಒಳಗಿನ ಪುಂಕೇಸರ, ಅಂದರೆ ಪರಾಗ ಇರೋ ಗಂಡು ಭಾಗ, ಎಲ್ಲ ತೆಗೆದುಬಿಡುತ್ತಾರೆ. ಮಾರನೇ ಬೆಳಿಗ್ಗೆ ಬೇರೆ ಸಾಲಿನ ಗಂಡು ಹೂ ತಂದು ಶಲಾಕಾಗ್ರಕ್ಕೆ (ಹೆಣ್ಣು ಭಾಗದ ತುದಿಗೆ) ಸವರುತ್ತಾರೆ. ಹಿಂದಿನ ದಿನವೇ ಯಾಕೆ ತೆಗೆಯಬೇಕು? ಬಿಟ್ಟರೆ ಅದೇ ಹೂವಿನ ಪರಾಗ ಅದೇ ಹೂವಿಗೆ ಬಿದ್ದು ಸ್ವಪರಾಗಸ್ಪರ್ಶ ಆಗಿಹೋಗುತ್ತದೆ. ಸವರಿದ ಪರಾಗದಿಂದ ಒಂದು ನಳಿಕೆ ಮೊಳೆತು ಶಲಾಕೆಯ ಒಳಗೆ ಇಳಿದು ಅಂಡಾಶಯದಲ್ಲಿರೋ ಅಂಡಕ ಮುಟ್ಟುತ್ತದೆ, ಅಲ್ಲಿ ನಿಷೇಚನ, ಯುಗ್ಮಜ, ಭ್ರೂಣ. ಅಂಡಕ ಬೀಜ ಆಗುತ್ತದೆ, ಅಂಡಾಶಯ ಕಾಯಿ ಆಗುತ್ತದೆ. ನಾವು ಹಿಂಜೋ ಹತ್ತಿ ಎಳೆ ಆ ಬೀಜದ ಸಿಪ್ಪೆಯಿಂದ ಬೆಳೆದದ್ದು. ರಜೆಯಲ್ಲಿ ಅವ್ವನ ಜೊತೆ ಹೊಲಕ್ಕೆ ಹೋಗಿ ಇದನ್ನೆಲ್ಲ ಕಣ್ಣಾರೆ ಕಂಡ ಹುಡುಗಿ ತರಗತಿಯಲ್ಲಿ "ಪುಂಕೇಸರ ಎಂದರೇನು" ಅಂದರೆ ತಲೆ ತಗ್ಗಿಸುತ್ತಾಳೆ. ಪುಸ್ತಕದ ಹೂವು ಬೇರೆ, ಹೊಲದ ಹೂವು ಬೇರೆ ಅಂತ ಅವಳಿಗೆ ಅನ್ನಿಸಿಬಿಟ್ಟಿದೆ, ಅದಕ್ಕೆ ನಾವು ಕಲಿಸೋ ರೀತಿಯೇ ಕಾರಣ ಅನ್ನಬೇಕು.

ಅನುವಂಶೀಯತೆಯ ಪಾಠದಲ್ಲಿ ಬರೋ ವಿಜ್ಞಾನಿ ಮೆಂಡಲ್ ಬಟಾಣಿ ಗಿಡಗಳಲ್ಲಿ ಮಾಡಿದ್ದೂ ಇದೇ ಕೈಕೆಲಸ. ಎತ್ತರದ ಗಿಡಕ್ಕೂ ಗಿಡ್ಡ ಗಿಡಕ್ಕೂ ಅಡ್ಡಹಾಯಿಸಿದರೆ ಮೊದಲ ಪೀಳಿಗೆ ಎಲ್ಲಾ ಎತ್ತರ, ಅವುಗಳ ಮಕ್ಕಳಲ್ಲಿ ಮೂರು ಎತ್ತರಕ್ಕೆ ಒಂದು ಗಿಡ್ಡ. ಈ ಲೆಕ್ಕ ತೋರಿಸೋ ಚೌಕ (ಪನೆಟ್ ಚೌಕ) ಹಾಕುವಾಗ ಮೇಲೆ, ಪಕ್ಕದಲ್ಲಿ ಲಿಂಗಾಣುಗಳನ್ನು ಬರೆಯೋದು ಮರೆಯಬೇಡಿ. ಕಾಣುವ ಗುಣದ ಅನುಪಾತ 3:1, ಜೀನುಗಳ ಅನುಪಾತ 1:2:1, ಯಾವುದು ಕೇಳಿದ್ದಾರೆ ನೋಡಿ ಬರೆಯಿರಿ. ಎರಡು ಗುಣಗಳಿದ್ದರೆ 9:3:3:1. ಇದೇ ಪಾಠದಲ್ಲಿ ಮಗು ಗಂಡೋ ಹೆಣ್ಣೋ ಅನ್ನೋದು ತಂದೆಯ ವೀರ್ಯಾಣುವಿನಲ್ಲಿ ಎಕ್ಸ್ ಇದೆಯೋ ವೈ ಇದೆಯೋ ಅನ್ನೋದರ ಮೇಲೆ ನಿಂತಿದೆ ಅಂತ ಬರುತ್ತದೆ. ಅದನ್ನು ಮನೆಯಲ್ಲಿ ಅಜ್ಜಿಗೆ ಕೇಳೋ ಹಾಗೆ ಜೋರಾಗಿ ಓದಿ.

ಪರಿಸರದ ಪಾಠ ಸುಲಭ ಅಂತ ಎಲ್ಲರೂ ಕೊನೆಗೆ ಇಡುತ್ತಾರೆ, ಬಾಣದಲ್ಲಿ ತಪ್ಪುತ್ತಾರೆ. ರಾಣೆಬೆನ್ನೂರಿನ ಅಭಯಾರಣ್ಯವನ್ನೇ ಬರೆಯಿರಿ: ಹುಲ್ಲು, ಕೃಷ್ಣಮೃಗ, ತೋಳ. ಬಾಣದ ತುದಿ ತಿನ್ನುವವರ ಕಡೆ ಇರಬೇಕು, ಯಾಕೆಂದರೆ ಬಾಣ ತೋರಿಸೋದು ಶಕ್ತಿ ಯಾವ ಕಡೆ ಹೋಯಿತು ಅಂತ. ಹತ್ತರಲ್ಲಿ ಸುಮಾರು ಒಂದು ಪಾಲು ಮಾತ್ರ ಮುಂದೆ ದಾಟುತ್ತದೆ: ಹುಲ್ಲಿನಲ್ಲಿ 20,000 ಜೂಲ್ ಶಕ್ತಿ ಇದ್ದರೆ ಕೃಷ್ಣಮೃಗಕ್ಕೆ ಸುಮಾರು 2,000, ತೋಳಕ್ಕೆ 200. ಆಹಾರ ಸರಪಳಿ ಯಾಕೆ ಉದ್ದ ಬೆಳೆಯೋದಿಲ್ಲ ಅನ್ನೋ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲೇ ಇದೆ. ಕೀಟನಾಶಕದ ವಿಷ ಮಾತ್ರ ಉಲ್ಟಾ, ಮೇಲಕ್ಕೆ ಹೋದಷ್ಟೂ ಮೈಯಲ್ಲಿ ಜಾಸ್ತಿ ಆಗುತ್ತದೆ. ಮೆಣಸಿನಕಾಯಿಗೆ ಔಷಧಿ ಹೊಡೆಯೋ ಊರಿನ ಮಕ್ಕಳು ಇದನ್ನು ಎರಡು ಸಲ ಓದಿ.

ಸಮಯದ ಮಾತು. ಶಿವರಾತ್ರಿಗೆ ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ತೇರು, ಬೆನ್ನಿಗೇ ಹೋಳಿ, ರಂಗಪಂಚಮಿ, ನಡುವೆ ಊರ ಜಾತ್ರೆ, ಮದುವೆ. ಇದೆಲ್ಲ ಬಿಡಿ ಅಂದರೆ ನೀವು ಕೇಳುವುದಿಲ್ಲ, ನನಗೂ ಹೇಳಲು ಮನಸ್ಸಿಲ್ಲ. ಹೋಗಿ ಬನ್ನಿ, ಆದರೆ ದಿನಕ್ಕೆ ಒಂದು ದಾರಿ, ಒಂದು ಚಿತ್ರ ತಪ್ಪಿಸಬೇಡಿ. ಲೆಕ್ಕ, ಸಮೀಕರಣ ಮುಗಿಸಿ ಆಮೇಲೆ ಬಯಾಲಜಿ ಅಂತ ಇಟ್ಟುಕೊಂಡವರಿಗೆ ಆ ಆಮೇಲೆ ಬರುವುದೇ ಇಲ್ಲ.

ವಿಜ್ಞಾನಕ್ಕೆ ಸಿಗೋ 3 ಗಂಟೆ 15 ನಿಮಿಷದಲ್ಲಿ 15 ನಿಮಿಷ ಪ್ರಶ್ನೆಪತ್ರಿಕೆ ಓದಲಿಕ್ಕೇ ಇದೆ. ಆ ಹೊತ್ತಿನಲ್ಲಿ ಯಾವ ಚಿತ್ರ ಬಂದಿದೆ, ಆಯ್ಕೆ ಇರೋ ಪ್ರಶ್ನೆಯಲ್ಲಿ ಯಾವುದು ಹಿಡಿಯುತ್ತೀರಿ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿ. ಭೌತಶಾಸ್ತ್ರದ ಒಂದು ಲೆಕ್ಕ ಬಿಡಿಸಲಾಗದೆ ಅಲ್ಲೇ ಸಿಕ್ಕಿಬಿದ್ದರೆ ಜಾಗ ಬಿಟ್ಟು ಮುಂದೆ ಹೋಗಿ. ಫಲಿತಾಂಶ ಬಂದ ಮೇಲೆ ಅಂಕ ಕಡಿಮೆ ಅನ್ನಿಸಿದವರು ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿಕೊಂಡು ನಿಮ್ಮ ಶಾಲೆಯ ವಿಜ್ಞಾನ ಶಿಕ್ಷಕರ ಪಕ್ಕ ಕೂತು ನೋಡಿ. ಎಲ್ಲಿ "ಏಕೆ"ಗೆ "ಹೇಗೆ" ಬರೆದಿದ್ದೀರಿ ಅಂತ ಅವರು ಬೆರಳಿಟ್ಟು ತೋರಿಸುತ್ತಾರೆ, ಪರೀಕ್ಷೆ 2 ಬರೆಯೋದಾದರೆ ಓದು ಅಲ್ಲಿಂದ ಶುರು ಮಾಡಬಹುದು.