ಗೋ ಕ್ರಿಯಾಪದಕ್ಕೆ ‘ವೆಂಟ್’ ಎಲ್ಲಿಂದ ಬಂತು?

ಗೋ, ವೆಂಟ್, ಗಾನ್. ಈ ಮೂರರಲ್ಲಿ ಗೋ ಮತ್ತು ಗಾನ್ ಒಂದೇ ಬೇರಿನವು. ವೆಂಟ್ ಮಾತ್ರ ಹೊರಗಿನದು. ಅದು ‘ವೆಂಡ್’ ಅನ್ನುವ ಬೇರೆಯೇ ಕ್ರಿಯಾಪದದ ಭೂತಕಾಲ. ಇಷ್ಟು ಹಿಡಿದುಕೊಂಡರೆ ಮುಂದಿನದು ಸಲೀಸು.

ಸುಮಾರು 1000 ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಹೋದನು’ ಅನ್ನೋದಕ್ಕೆ ‘ಏಓಡೆ’ ಎನ್ನುತ್ತಿದ್ದರು. ಅದೂ ಗೋ ಬೇರಿನದಲ್ಲ! ಅಂದರೆ ಗೋಗೆ ಆಗಲೂ ಭೂತಕಾಲ ಎರವಲಿನದೇ. 15ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನ ದಕ್ಷಿಣದಲ್ಲಿ ಆ ಜಾಗಕ್ಕೆ ವೆಂಟ್ ಬಂದಿತ್ತು.

ವೆಂಡ್ ಹುಟ್ಟಿದ್ದು ‘ವೈಂಡ್’ನಿಂದ. ಸುತ್ತಿ ಬಳಸಿ ಸಾಗುವ ದಾರಿಗೆ ವೈಂಡಿಂಗ್ ರೋಡ್ ಅಂತಾರಲ್ವಾ, ಅದೇ ವೈಂಡ್. ನಾವು ‘ತಿರುಗು’ಗೆ ‘ಇಸು’ ಸೇರಿಸಿ ‘ತಿರುಗಿಸು’ ಮಾಡುತ್ತೇವೆ. ಇಂಗ್ಲಿಷಿನ ಹಳೆಯ ಜೋಡಿಗಳಲ್ಲಿ ಈ ಕೆಲಸ ಸ್ವರ ಬದಲಾಗಿ ನಡೆದಿದೆ: ಸಿಟ್ ಕೂರು, ಸೆಟ್ ಕೂರಿಸು, ಫಾಲ್ ಬೀಳು, ಫೆಲ್ ಬೀಳಿಸು. ಹಾಗೇ ವೈಂಡ್ ತಿರುಗು, ವೆಂಡ್ ತಿರುಗಿಸು. ಆಮೇಲೆ ‘ಒಂದು ಕಡೆಗೆ ತಿರುಗಿ ಹೊರಡು’, ಕೊನೆಗೆ ಬರೀ ‘ಹೋಗು’.

ನನ್ನನ್ನು ಜಾಸ್ತಿ ಕಾಡಿದ್ದು ಕೊನೆಯ ‘ಟ್’. ವೆಂಡ್‌ನ ಭೂತಕಾಲ ‘ವೆಂಡೆಡ್’ ಆಗಬೇಕಿತ್ತಲ್ವಾ? ಇದಕ್ಕೆ ಅಕ್ಕಪಕ್ಕದ ಕ್ರಿಯಾಪದಗಳನ್ನು ನೋಡಬೇಕು. ಸೆಂಡ್ ಸೆಂಟ್, ಬೆಂಡ್ ಬೆಂಟ್, ಲೆಂಡ್ ಲೆಂಟ್, ಸ್ಪೆಂಡ್ ಸ್ಪೆಂಟ್. ಬಿಲ್ಡ್ ಬಿಲ್ಟ್ ಕೂಡ ಇದೇ ಸಾಲಿನದು. ಈ ಸಾಲಿನಲ್ಲಿಟ್ಟು ನೋಡಿ: ವೆಂಡ್ ವೆಂಟ್. ಅದರಲ್ಲಿ ವಿಚಿತ್ರ ಏನೂ ಇಲ್ಲ! ಹಳೆಯ ಇಂಗ್ಲಿಷಿನಲ್ಲಿ ‘ನಾನು ತಿರುಗಿಸುತ್ತೇನೆ’, ‘ನಾನು ತಿರುಗಿಸಿದೆ’ ಎರಡಕ್ಕೂ ‘ವೆಂಡೆ’ ಎಂದೇ ಇತ್ತು. ಟ್ ಬಂದ ಮೇಲೆ ವರ್ತಮಾನ ಯಾವುದು, ಭೂತ ಯಾವುದು ಅಂತ ಕಿವಿಗೇ ಗೊತ್ತಾಗುವಂತಾಯಿತು. ಆದರೆ ಇದನ್ನು ಸುಮ್ನೆ ಎಲ್ಲ ಕಡೆ ಹಚ್ಚಬೇಡಿ. ಮೆಂಡ್, ಎಂಡ್ ಈ ಸಾಲಿಗೆ ಸೇರುವುದಿಲ್ಲ. ಅವು ಮೆಂಡೆಡ್, ಎಂಡೆಡ್.

ವೆಂಟ್ ಗೋ ಮನೆ ಸೇರಿದ ಮೇಲೆ ವೆಂಡ್ ತನಗೆ ಹೊಸದಾಗಿ ‘ವೆಂಡೆಡ್’ ಕಟ್ಟಿಕೊಂಡಿತು. ಈಗ ‘ವೆಂಡ್ ಒನ್ಸ್ ವೇ’ (ದಾರಿ ಹಿಡಿದು ಸಾಗು) ಅನ್ನುವ ನುಡಿಗಟ್ಟಿನ ಹೊರಗೆ ಅದು ಕಾಣುವುದು ಅಪರೂಪ. ಇಂಗ್ಲಿಷಿನ ಹತ್ತಿರದ ನಂಟಾದ, ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯಲ್ಲಿ ಗೋ ಬೇರಿನಿಂದಲೇ ‘ಗೇಡ್’ ಎಂಬ ಭೂತಕಾಲ ಮಾಡಿಕೊಂಡಿದ್ದಾರೆ. ನನಗೆ ಅದು ತುಂಬಾ ಹಿಡಿಸಿತು.

‘ಬಿ’ ಕ್ರಿಯಾಪದದಲ್ಲಿ ಈ ಬೆರಕೆ ಇನ್ನೂ ಜಾಸ್ತಿ, ಮೂರು ಬೇರುಗಳಿವೆ. ಸಂಸ್ಕೃತದ ನಂಟುಗಳನ್ನು ಪಕ್ಕದಲ್ಲಿ ಬರೆದುಕೊಂಡರೆ ನೆನಪಿಡುವುದು ಸುಲಭ: ಈಸ್‌ಗೆ ಅಸ್ತಿ, ಬಿಗೆ ಭವತಿ, ವಾಸ್‌ಗೆ ವಸತಿ.