ಸು ಶಿಯ ಮಸಿ

ಕನ್ನಡದಲ್ಲಿ ಪಾತ್ರೆಯ ತಳಕ್ಕೆ ಹಿಡಿಯುವುದೂ ಮಸಿ, ದೌತಿಯಲ್ಲಿರುವುದೂ ಮಸಿ. ಈ ಎರಡಕ್ಕೂ ಒಂದೇ ಹೆಸರಿಟ್ಟ ನಮ್ಮ ಹಿರಿಯರಿಗೆ ಒಂದು ದೊಡ್ಡ ರಸಾಯನಶಾಸ್ತ್ರ ಗೊತ್ತಿತ್ತು ಅನ್ನಿಸುತ್ತದೆ.

ತೈಪೆಯ ಅರಮನೆ ವಸ್ತುಸಂಗ್ರಹಾಲಯದಲ್ಲಿ ಒಂದು ಕಾಗದದ ಸುರುಳಿ ಇದೆ. 17 ಸಾಲು, 129 ಅಕ್ಷರ. ಬರೆದವನು ಚೀನಾದ ಸೋಂಗ್ ರಾಜವಂಶದ ಕಾಲದ ಅಧಿಕಾರಿ, ಕವಿ ಸು ಶಿ (1037–1101). ಅವನ ಕವಿತೆಗಳು ಸರ್ಕಾರವನ್ನು ಹಂಗಿಸುತ್ತವೆ ಅಂತ 1079ರಲ್ಲಿ ಹಿಡಿದು ಜೈಲಿಗೆ ಹಾಕಿದರು. ಆಮೇಲೆ ಹುವಾಂಗ್‌ಜೌ ಎಂಬ ಊರಿಗೆ ಗಡಿಪಾರು ಮಾಡಿದರು. 1082ರ ವಸಂತದಲ್ಲಿ ಅಲ್ಲಿ ಬಿಡದೆ ಮಳೆ. ಒಡೆದ ಒಲೆಯಲ್ಲಿ ಒದ್ದೆ ಜೊಂಡು ಉರಿಸಿ ಸೊಪ್ಪು ಬೇಯಿಸುತ್ತಿದ್ದೇನೆ ಅಂತ ಬರೆದ. 'ಜೊಂಡು' ಎಂಬ ಅಕ್ಷರದ ಕೊನೆಯ ಗೀಟನ್ನು ಉದ್ದಕ್ಕೆ ಕೆಳಗೆ ಎಳೆದುಬಿಟ್ಟಿದ್ದಾನೆ. ನೋಡಿದರೆ ಜೊಂಡೇ ನಿಂತಂತಿದೆ.

ಆ ಗೀಟು ಇವತ್ತಿಗೂ ಕಪ್ಪಗಿದೆ. ಹಳೆಯ ಮಸಿ ಅಂದ ಕೂಡಲೇ ಗುಟ್ಟಿನ ಮೂಲಿಕೆ, ಪವಾಡ ಅಂತ ಶುರು ಮಾಡುವವರನ್ನು ಕಂಡರೆ ನನಗೆ ಬೇಸರ. ವಾಸನೆಗೆ ಕಸ್ತೂರಿ, ಕರ್ಪೂರ ಬೆರೆಸುತ್ತಿದ್ದರು, ನಿಜ. ಆದರೆ ಕಪ್ಪು ಉಳಿಸಿದ್ದು ಹೊಗೆಯ ಇಂಗಾಲ. 1923ರ ಭೂಕಂಪದಲ್ಲಿ ಟೋಕಿಯೊ ಹೊತ್ತಿ ಉರಿದಾಗ, ಆಗ ಅಲ್ಲಿದ್ದ ಈ ಸುರುಳಿ ಉಳಿದದ್ದೂ ಪವಾಡದಿಂದಲ್ಲ. ಅದರ ಒಡೆಯ ಜೀವದ ಹಂಗು ಬಿಟ್ಟು ಬೆಂಕಿಯಿಂದ ಎತ್ತಿ ತಂದ.

ಬಣ್ಣದ ಇಂಕಿನಲ್ಲಿ ಬಣ್ಣ ಕೊಡುವುದು ಒಂದೊಂದು ಸೂಕ್ಷ್ಮ ಅಣು. ಬಿಸಿಲು ಅದರ ಒಂದು ಕೊಂಡಿ ಮುರಿದರೆ ಬಣ್ಣ ಹೋಯಿತು. ಮಸಿಯ ಕಣದಲ್ಲಿ ಇಂಗಾಲದ ಪದರಗಳು ಒತ್ತೊತ್ತಾಗಿ ಕೂತಿವೆ. ಎಲ್ಲ ಬಣ್ಣದ ಬೆಳಕನ್ನೂ ನುಂಗುತ್ತವೆ. ಅಲ್ಲೊಂದು ಇಲ್ಲೊಂದು ಕೊಂಡಿ ಹೋದರೂ ಕಪ್ಪು ಕಪ್ಪಾಗೇ ಇರುತ್ತದೆ. ನೀರಿಗೆ ಕರಗದು, ಹುಳ ತಿನ್ನದು.

ಆದರೆ ಸುಮ್ನೆ ಹೊಗೆಯ ಮಸಿಯನ್ನು ನೀರಿಗೆ ಹಾಕಿ ನೋಡಿ. ಬೆರೆಯುವುದೇ ಇಲ್ಲ, ಗಂಟು ಕಟ್ಟಿ ತೇಲುತ್ತದೆ. ಕಣಗಳಿಗೆ ನೀರಿಗಿಂತ ಒಂದಕ್ಕೊಂದರ ಸೆಳೆತವೇ ಜಾಸ್ತಿ. ಅದಕ್ಕೆ ದನದ ಚರ್ಮ ಕುದಿಸಿ ತೆಗೆದ ಅಂಟು ಬೇಕು. ಉಪ್ಪಿಟ್ಟಿಗೆ ರವೆಯನ್ನು ತುಪ್ಪದಲ್ಲಿ ಹುರಿಯುತ್ತೇವಲ್ಲ, ಪ್ರತಿ ಕಾಳಿಗೂ ಜಿಡ್ಡಿನ ಹೊದಿಕೆ ಬಂದು ಗಂಟಾಗುವುದು ತಪ್ಪುತ್ತದೆ. ಬೇಯಿಸಿದ ಶಾವಿಗೆಗೆ ಎಣ್ಣೆ ಸವರುವುದೂ ಅದಕ್ಕೇ. ಕೂದಲಿನ ದಪ್ಪದ ಸಾವಿರದಲ್ಲೊಂದು ಭಾಗದಷ್ಟಿರುವ ಮಸಿ ಕಣಕ್ಕೆ ಅಂಟು ಹೀಗೇ ಅಂಗಿ ತೊಡಿಸುತ್ತದೆ. ಕಣಗಳು ದೂರ ದೂರ ನಿಂತು ನೀರಿನಲ್ಲಿ ಹರಡುತ್ತವೆ. ಕುಂಚದಿಂದ ಕಾಗದದ ನಾರಿನೊಳಗೆ ಇಳಿಯುತ್ತವೆ. ನೀರು ಆರಿದ ಮೇಲೆ ಅದೇ ಅಂಟು ಅವನ್ನು ನಾರಿಗೆ ಕಚ್ಚಿಸುತ್ತದೆ.

ಒದ್ದೆ ಜೊಂಡಿನ ಹೊಗೆಯಿಂದ ಒಳ್ಳೆಯ ಮಸಿ ಬಾರದು. ಅದರಲ್ಲಿ ನೀರಾವಿ, ಟಾರು ಜಾಸ್ತಿ. ರಾಳ ತುಂಬಿದ ಪೈನ್ ಮರವನ್ನು ಗಾಳಿ ಸಾಲದಂತೆ ಉರಿಸಬೇಕು. ಸು ಶಿಗೆ ಇದು ಗೊತ್ತಿತ್ತು. ಕೊನೆಯ ಗಡಿಪಾರಿನಲ್ಲಿ ಹೈನಾನ್ ದ್ವೀಪದಲ್ಲಿದ್ದಾಗ ತಾನೇ ಮಸಿ ಮಾಡಿಸಲು ಹೊರಟ. ಅರವತ್ತು ದಾಟಿದ ವಯಸ್ಸು. 1100ರ ಆರಂಭದ ಒಂದು ರಾತ್ರಿ ಒಲೆಯ ಬೆಂಕಿ ಎದ್ದು ಮನೆಯೇ ಸುಡುವುದರಲ್ಲಿತ್ತು. ಹೇಗೋ ಆರಿಸಿದರು. ಮಸಿ ಮಾಡುವ ಕೆಲಸ ಅಲ್ಲಿಗೆ ನಿಂತಿತು. ಅಷ್ಟರಲ್ಲಿ ನೀರಿನಲ್ಲಿ ತೇದು ಬರೆಯುವ ಗಟ್ಟಿ ಮಸಿ ಉಂಡೆಗಳು ದೊಡ್ಡವು, ಸಣ್ಣವು ಸೇರಿ 500 ಸಿಕ್ಕಿದ್ದವು.