ಕತ್ತರಿ ಪಕ್ಕಕ್ಕಿಡಿ: ಒಂದೇ ಫೋಟೋದಲ್ಲಿ ಇಬ್ಬರು ನೀವು

ಪ್ರಶ್ನೆ: ಒಂದೇ ಫೋಟೋದಲ್ಲಿ ನಾನೇ ಎರಡು ಕಡೆ ಇರುವ ಹಾಗೆ ಮಾಡಬೇಕು. ಎಡಿಟಿಂಗ್ ಈಗಷ್ಟೇ ಕಲಿಯುತ್ತಿದ್ದೇನೆ. ಎಷ್ಟು ಹುಷಾರಾಗಿ ಕಟ್ ಮಾಡಿದರೂ ಕೂದಲಿನ ಹತ್ತಿರ ಕೆಟ್ಟುಹೋಗುತ್ತದೆ, ಅಂಟಿಸಿದ ಹಾಗೇ ಕಾಣುತ್ತದೆ. ನೀಟಾಗಿ ಕಟ್ ಮಾಡುವುದು ಹೇಗೆ?

ಉತ್ತರ: ಕಟ್ ಮಾಡಬೇಡಿ.

ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಒಬ್ಬರಿಗೆ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಅದೇ ಕೂದಲಿನ ಕಷ್ಟ ಹೊತ್ತುಕೊಂಡು ಬರುತ್ತಾರೆ. ಅದಕ್ಕೇ ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ತೋರಿಸಿದರಾಯಿತು.

ಮೊದಲು ಮಾಡುವ ಬಗೆ. ಅದು ಚಿಕ್ಕದು. ಫೋನನ್ನು ಅಲುಗಾಡದ ಹಾಗೆ ಒಂದು ಕಡೆ ನಿಲ್ಲಿಸಿ. ಟ್ರೈಪಾಡ್ ಇದ್ದರೆ ಸರಿ, ಇಲ್ಲದಿದ್ದರೆ ಪುಸ್ತಕಗಳ ರಾಶಿಗೆ ಒರಗಿಸಿದರೂ ನಡೆಯುತ್ತದೆ. ಟೈಮರ್ ಹಾಕಿ. ಎಡಗಡೆ ನಿಂತು ಒಂದು ಫೋಟೋ, ಬಲಗಡೆ ಕೂತು ಒಂದು ಫೋಟೋ, ಕೊನೆಗೆ ಯಾರೂ ಇಲ್ಲದ ಖಾಲಿ ಜಾಗದ್ದೊಂದು. ಆಮೇಲೆ ನೀವಿರುವ ಎರಡು ಫೋಟೋಗಳನ್ನು ಒಂದರ ಮೇಲೊಂದು ಲೇಯರ್ ಆಗಿ ತೆರೆಯಿರಿ. ಜಿಂಪ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಾದರೆ ಫೈಲ್ ಮೆನುವಿನಲ್ಲೇ ‘ಓಪನ್ ಆಸ್ ಲೇಯರ್ಸ್’ ಇದೆ. ಮೇಲಿನ ಲೇಯರ್‌ಗೆ ಬಿಳಿ ಮಾಸ್ಕ್ ಸೇರಿಸಿ. ಮಾಸ್ಕ್ ಅಂದರೆ ಲೇಯರ್‌ನ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಅಂತ ಹೇಳುವ ಮುಸುಕು. ದೊಡ್ಡ, ಮೆತ್ತನೆ ಅಂಚಿನ ಬ್ರಷ್ ತಗೊಂಡು, ಕೆಳಗಿನ ಫೋಟೋದಲ್ಲಿ ನೀವು ಎಲ್ಲಿದ್ದೀರೋ ಆ ಜಾಗದ ಮೇಲೆ ಕಪ್ಪು ಬಳಿಯಿರಿ. ಕಪ್ಪು ಬಿದ್ದ ಕಡೆ ಮೇಲಿನ ಫೋಟೋ ಮರೆಯಾಗಿ ಕೆಳಗಿನದು ಕಾಣಿಸುತ್ತದೆ. ಮುಗೀತು, ಇಬ್ಬರಾದಿರಿ.

ಇಷ್ಟೇನಾ ಅಂತೀರಿ. ಇಷ್ಟೇ. ಜಿಂಪ್ ಉಚಿತ. ಬ್ರೌಸರ್‌ನಲ್ಲೇ ನಡೆಯುವ ಫೋಟೋಪಿಯಾ ಕೂಡ ಸಾಕು. ಲೇಯರ್ ಮತ್ತು ಮಾಸ್ಕ್ ಇರುವ ಯಾವುದಾದರೂ ಆದೀತು.

ಆದರೂ ಜನ ಕತ್ತರಿ ಬಿಡಲ್ಲ. ಅಂಚು ನೀಟಾಗಿ ಬಂದರೇ ಫೋಟೋ ನಂಬುವ ಹಾಗಿರುತ್ತದೆ, ಎಡಿಟಿಂಗ್ ಅಂದರೆ ಕಟ್ ಮಾಡುವ ಕೈಚಳಕ, ಒಳ್ಳೆಯ ಎಡಿಟರ್ ಅಂದರೆ ಒಂದೊಂದೇ ಕೂದಲನ್ನು ಬಿಡಿಸಿ ತೆಗೆಯುವವನು ಅನ್ನುವ ನಂಬಿಕೆ ಎಲ್ಲಿಂದ ಬಂತೋ, ಬೇರುಬಿಟ್ಟು ಕೂತಿದೆ. ಬೇರೆ ಹಿನ್ನೆಲೆಗೆ ನಿಮ್ಮನ್ನು ಸಾಗಿಸುವುದಾದರೆ ಕತ್ತರಿ ಬೇಕು, ಒಪ್ಪಿದೆ. ನೀವು ಎಲ್ಲಿಗೂ ಹೋಗುತ್ತಿಲ್ಲವಲ್ಲ! ಅದೇ ಕೋಣೆ, ಅದೇ ಗೋಡೆ.

ಬೇಕಾದರೆ ಈಗಲೇ ಒಂದು ಫೋಟೋ ತೆರೆದು ಕೂದಲಿನ ಹತ್ತಿರ ಜೂಮ್ ಮಾಡಿ, ಪಿಕ್ಸೆಲ್‌ಗಳು ಚೌಕ ಚೌಕವಾಗಿ ಕಾಣುವಷ್ಟು. ಕೂದಲು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಿ ನೋಡೋಣ. ಆಗಲ್ಲ. ಅಂಚಿನ ಚೌಕಗಳಲ್ಲಿ ಕೂದಲಿನ ಬಣ್ಣವೂ ಗೋಡೆಯ ಬಣ್ಣವೂ ಕಲಸಿಹೋಗಿರುತ್ತವೆ. ಒಳಗಡೆ ಕತ್ತರಿಸಿದರೆ ತಲೆ ಬೋಳಿಸಿದ ಹಾಗೆ, ಹೊರಗಡೆ ಕತ್ತರಿಸಿದರೆ ಸುತ್ತ ಗೋಡೆಯ ಬಣ್ಣದ ಅಂಚುಪಟ್ಟಿ. ಆ ಪಟ್ಟಿ ಅಸಹ್ಯವಾಗಿ ಕಾಣುವುದು ಹಿಂದೆ ಬೇರೆ ಬಣ್ಣ ಇದ್ದಾಗ. ಎರಡೂ ಫೋಟೋದಲ್ಲಿ ಗೋಡೆ ಒಂದೇ ಆದರೆ ಅಂಟಿಕೊಂಡು ಬಂದ ಬಣ್ಣವೇ ಸರಿಯಾದ ಬಣ್ಣ. ಬ್ರಷ್ ನಿಮ್ಮ ಕಿವಿಯಿಂದ ಒಂದು ಗೇಣು ಆಚೆ ಹೋದರೂ ಏನೂ ಆಗಲ್ಲ, ಯಾಕೆಂದರೆ ಆಚೆಗಿರುವುದೂ ಅದೇ ಗೋಡೆ.

ಇನ್ನು ಕಾಲಿನ ಹತ್ತಿರ ಬನ್ನಿ. ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲಿ. ಪಾದ ನೆಲ ಮುಟ್ಟುವ ಕಡೆ ತೆಳ್ಳಗೆ ಒಂದು ಕಪ್ಪು ಗೆರೆ ಇರುತ್ತದೆ, ಅದರಾಚೆ ನೆರಳು ನಿಧಾನವಾಗಿ ಕರಗುತ್ತಾ ಹೋಗುತ್ತದೆ. ಈ ಮನುಷ್ಯ ನೆಲದ ಮೇಲೆ ನಿಂತಿದ್ದಾನೆ ಅಂತ ನಮ್ಮ ಕಣ್ಣು ನಂಬುವುದು ಆ ನೆರಳಿನಿಂದ. ದೇಹದ ಅಂಚು ಹಿಡಿದು ಕತ್ತರಿಸುವವರು ಮೊದಲು ಬಿಸಾಡುವುದೂ ಅದನ್ನೇ. ಆಮೇಲೆ ‘ಅಂಟಿಸಿದ ಹಾಗೆ ಕಾಣುತ್ತದೆ’ ಅಂತ ಗೋಳು. ಅಂಟಿಸಿದ್ದೇ ಹೌದಲ್ಲ, ಇನ್ನು ಹೇಗೆ ಕಾಣಬೇಕು? ಮಾಸ್ಕ್‌ನಲ್ಲಾದರೆ ನೆರಳಿನ ಆಚೆಗೂ ಬ್ರಷ್ ಆಡಿಸಿ. ನೆರಳು ಪೂರ್ತಿಯಾಗಿ ನಿಮ್ಮ ಜೊತೆಗೇ ಬರುತ್ತದೆ.

ಈ ಆಟ ಕಂಪ್ಯೂಟರ್‌ಗಿಂತ ಎಷ್ಟೋ ಹಳೆಯದು. 1857ರಲ್ಲೇ ಆಸ್ಕರ್ ರೈಲಾಂಡರ್ ಅನ್ನುವ ಫೋಟೋಗ್ರಾಫರ್ ಇಂಗ್ಲೆಂಡಿನಲ್ಲಿ 30ಕ್ಕೂ ಹೆಚ್ಚು ನೆಗೆಟಿವ್‌ಗಳಿಂದ ಒಂದೇ ಚಿತ್ರ ಮಾಡಿದ್ದ. ಕಾಗದದ ಉಳಿದ ಭಾಗ ಮುಚ್ಚಿ, ಬೇಕಾದ ಭಾಗಕ್ಕೆ ಮಾತ್ರ ಬೆಳಕು ಬಿಟ್ಟು, ಒಂದೊಂದಾಗಿ ಮೂಡಿಸಿದ್ದು. 1890ರ ದಶಕದ ಆಸುಪಾಸಿನ ಒಂದು ಫೋಟೋದಲ್ಲಿ ಚಿತ್ರಕಾರ ತುಲೂಸ್ ಲೊತ್ರೆಕ್ ಕೂತು, ಎದುರಿಗೆ ಕೂತಿರುವ ತನ್ನನ್ನೇ ಬಿಡಿಸುತ್ತಿದ್ದಾನೆ. ಆ ಕಾಲದ ಒಂದು ಸುಲಭ ಉಪಾಯ ಹೀಗಿತ್ತು. ಲೆನ್ಸಿನ ಅರ್ಧ ಮುಚ್ಚಿ ಒಂದು ಸಲ ಬೆಳಕು ಬಿಡುವುದು, ಪ್ಲೇಟ್ (ಚಿತ್ರ ಮೂಡುವ ಗಾಜು) ಬದಲಿಸದೆ ಇನ್ನರ್ಧ ಮುಚ್ಚಿ ಮತ್ತೊಂದು ಸಲ. ಅಷ್ಟರಲ್ಲಿ ಆಸಾಮಿ ಆ ಕಡೆಯಿಂದ ಈ ಕಡೆಗೆ ಬಂದು ಕೂತಿರುತ್ತಾನೆ. ಯಾರೂ ಯಾರ ಕೂದಲನ್ನೂ ಬಿಡಿಸಲಿಲ್ಲ. ಒಂದು ಭಾಗ ಮುಚ್ಚಿದರು, ಒಂದು ಭಾಗ ತೆರೆದರು. ನಿಮ್ಮ ಮಾಸ್ಕ್ ಮಾಡುವ ಕೆಲಸವೂ ಅದೇ.

‘ಈಗ ಒಂದು ಗುಂಡಿ ಒತ್ತಿದರೆ ಆ್ಯಪೇ ಕಟ್ ಮಾಡಿಕೊಡುತ್ತದಲ್ಲ’ ಅನ್ನುವವರಿಗೂ ಉತ್ತರ ಇದೇ. ಬೇಗ ಕತ್ತರಿಸಿದರೂ ಕತ್ತರಿಸಿದ್ದೇ. ನೆರಳು ಹೋಯಿತು.

ಕತ್ತರಿಯ ಹಾಗೆ ಹುಷಾರಾಗಿ ಅಂಚು ಹಿಡಿಯಬೇಕಾದ್ದು ಒಂದೇ ಕಡೆ: ಇಬ್ಬರು ನೀವು ಒಬ್ಬರ ಮುಂದೊಬ್ಬರು ಬಂದಾಗ, ಅಥವಾ ಮುಟ್ಟಿಕೊಂಡಾಗ. ಅಲ್ಲಿ ಬ್ರಷ್ ಚಿಕ್ಕದು ಮಾಡಿ, ಅಂಚು ಗಟ್ಟಿ ಮಾಡಿ, ಮುಂದಿರುವವನ ತೋಳಿನ ಗುಂಟ ನಿಧಾನವಾಗಿ ಹೋಗಿ. ಜಾಸ್ತಿ ಬಳಿದುಬಿಟ್ಟರೆ ಎಕ್ಸ್ ಕೀ ಒತ್ತಿ, ಕಪ್ಪು ಬಿಳಿ ಅದಲುಬದಲಾಗುತ್ತದೆ, ಬಿಳಿ ಬಳಿದರೆ ಹೋದದ್ದು ವಾಪಸ್. ಅದಕ್ಕೇ ಇರೇಸರ್ ಮುಟ್ಟಬೇಡಿ ಅನ್ನುವುದು. ಇರೇಸರ್ ಅಳಿಸಿದ್ದು ಹೋಯಿತು, ಮಾಸ್ಕ್ ಮರೆಮಾಡಿದ್ದು ಎಲ್ಲೂ ಹೋಗಿಲ್ಲ. ಮೊದಲ ಸಲವೇ ಇಬ್ಬರೂ ತಬ್ಬಿಕೊಳ್ಳುವ ಫೋಟೋಗೆ ಕೈ ಹಾಕಬೇಡಿ. ದೂರ ದೂರ ನಿಲ್ಲಿ.

ನಿಜವಾಗಿ ಕೆಡುವುದು ಎಡಿಟಿಂಗ್‌ನಲ್ಲಿ ಅಲ್ಲ, ತೆಗೆಯುವಾಗ. ಫೋನಿನ ಕ್ಯಾಮೆರಾ ಪ್ರತಿ ಸಲ ಬೆಳಕು ಎಷ್ಟು, ಫೋಕಸ್ ಎಲ್ಲಿ ಅಂತ ತಾನೇ ತೀರ್ಮಾನಿಸುತ್ತದೆ. ಬಿಳಿ ಶರ್ಟ್ ಎಡಗಡೆ ಇದ್ದಾಗ ಒಂದು ಲೆಕ್ಕ, ಬಲಗಡೆ ಹೋದಾಗ ಇನ್ನೊಂದು. ಗೋಡೆಯ ಬಣ್ಣ ಎರಡೂ ಫೋಟೋದಲ್ಲಿ ಬೇರೆ ಬೇರೆ ಆಯಿತು ಅಂದರೆ ಮೇಲೆ ಹೇಳಿದ ಅನುಕೂಲವೆಲ್ಲ ಹೋದ ಹಾಗೆ. ಸ್ಕ್ರೀನಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ ತುಂಬಾ ಫೋನ್‌ಗಳಲ್ಲಿ ಫೋಕಸ್ಸೂ ಬೆಳಕೂ ಲಾಕ್ ಆಗುತ್ತದೆ. ಅದನ್ನು ಮಾಡಿ. ಪೋರ್ಟ್ರೇಟ್ ಮೋಡ್ ಬೇಡವೇ ಬೇಡ. ಅದು ಹಿನ್ನೆಲೆಯನ್ನು ಲೆಕ್ಕ ಹಾಕಿ ಮಬ್ಬು ಮಾಡುತ್ತದೆ, ನೀವು ಜಾಗ ಬದಲಿಸಿದರೆ ಮಬ್ಬೂ ಬದಲಾಗುತ್ತದೆ. ಕಿಟಕಿ ಬೆಳಕಾದರೆ ಮೋಡ ಬರುವ ಮುಂಚೆ ಬೇಗ ಬೇಗ ಮುಗಿಸಿ. ಹಿಂದೆ ಅಲ್ಲಾಡುವ ಪರದೆ ಇದ್ದರೆ ಸರಿಸಿ. ನಡುವೆ ಹೋಗಿ ಫೋನ್ ಮುಟ್ಟಿ ಫೋಟೋ ಹೇಗೆ ಬಂದಿದೆ ಅಂತ ನೋಡುವ ಚಪಲ ಇದೆಯಲ್ಲ, ಅದನ್ನು ತಡೆದುಕೊಳ್ಳಿ.

ಫೋನ್ ಅಲುಗಾಡಿದೆಯೋ ಇಲ್ಲವೋ ಅಂತ ನೋಡುವುದಕ್ಕೂ ಒಂದು ದಾರಿ ಇದೆ, ನನಗೆ ತುಂಬಾ ಇಷ್ಟವಾದದ್ದು. ಮಾಸ್ಕ್ ಮಾಡುವ ಮುಂಚೆ ಮೇಲಿನ ಲೇಯರ್‌ನ ಮೋಡನ್ನು, ಅಂದರೆ ಅದು ಕೆಳಗಿನ ಲೇಯರ್ ಜೊತೆ ಬೆರೆಯುವ ಬಗೆಯನ್ನು, ‘ಡಿಫರೆನ್ಸ್’ಗೆ ಬದಲಿಸಿ. ಎರಡೂ ಫೋಟೋದಲ್ಲಿ ಒಂದೇ ಆಗಿರುವುದೆಲ್ಲ ಕಪ್ಪಾಗುತ್ತದೆ, ಬೇರೆಯಾಗಿರುವುದು ಮಾತ್ರ ಉಳಿಯುತ್ತದೆ. ಕಗ್ಗತ್ತಲಲ್ಲಿ ಎರಡು ವಿಚಿತ್ರ ಬಣ್ಣದ ನೀವು ಮಾತ್ರ ಹೊಳೆಯುತ್ತಿದ್ದರೆ ಎಲ್ಲ ಸರಿ. ಬಾಗಿಲ ಚೌಕಟ್ಟು, ಕಪಾಟಿನ ಅಂಚು ಎಲ್ಲ ತೆಳು ಗೆರೆಯಾಗಿ ಕಂಡರೆ ಫೋನ್ ಕದಲಿದೆ. ಮೇಲಿನ ಲೇಯರನ್ನು ಚೂರು ಚೂರೇ ಸರಿಸಿ, ಗೆರೆ ಮಾಯವಾಗುವವರೆಗೆ. ಆಮೇಲೆ ಮೋಡನ್ನು ಮತ್ತೆ ‘ನಾರ್ಮಲ್’ಗೆ ತರುವುದು ಮರೆಯಬೇಡಿ.

ಖಾಲಿ ಫೋಟೋ ಯಾಕೆ ತೆಗೆಯಲು ಹೇಳಿದೆ ಅಂತ ಯಾರೂ ಕೇಳಲ್ಲ, ಬಹಳಷ್ಟು ಜನ ತೆಗೆಯುವುದೂ ಇಲ್ಲ. ಗಾಳಿಯಲ್ಲಿ ತೇಲುವ ಫೋಟೋ ಅದರಿಂದಲೇ ಆಗುವುದು. ಸ್ಟೂಲಿನ ಮೇಲೆ ಹೊಟ್ಟೆ ಇಟ್ಟು ಕೈಕಾಲು ಚಾಚಿ ಒಂದು ಫೋಟೋ, ಸ್ಟೂಲ್ ತೆಗೆದು ಖಾಲಿ ಜಾಗದ್ದೊಂದು. ಖಾಲಿಯದನ್ನು ಕೆಳಗಿಟ್ಟು, ಮೇಲಿನ ಫೋಟೋದಲ್ಲಿ ಸ್ಟೂಲಿನ ಮೇಲೆ ಕಪ್ಪು ಬಳಿದರೆ ಸ್ಟೂಲ್ ಮಾಯ. ಸ್ಟೂಲಿನ ಕಾಲುಗಳ ನೆರಳನ್ನು ಮರೆಮಾಡಿ, ದೇಹದ ನೆರಳನ್ನು ಬಿಡಿ. ಹೊಟ್ಟೆ ಒತ್ತಿದ ಕಡೆ ಬಟ್ಟೆ ಚಪ್ಪಟೆಯಾಗಿರುತ್ತದೆ, ಗುಟ್ಟು ರಟ್ಟಾಗುವುದು ಅಲ್ಲೇ. ಅದಕ್ಕೆ ಕೆಳಗೆ ಜೋಲುವ ಸಡಿಲ ಬಟ್ಟೆ ಹಾಕಿಕೊಳ್ಳಿ.

ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಕೊನೆಗೆ ತೋರಿಸುವ ಫೋಟೋ ಹೇಗಿರುತ್ತದೆ ಗೊತ್ತಾ? ಇಬ್ಬರೂ ಕಂಬದ ಹಾಗೆ ನಿಂತು ಕ್ಯಾಮೆರಾ ನೋಡುತ್ತಿರುತ್ತಾರೆ. ಅಂಚು, ನೆರಳು ಎಲ್ಲ ಸರಿ. ಆದರೆ ನೋಡಿದವರಿಗೆ ಏನೂ ಅನಿಸಲ್ಲ. ನೀವು ಕೇಳದಿದ್ದರೂ ಹೇಳುತ್ತೇನೆ: ಒಬ್ಬ ಇನ್ನೊಬ್ಬನನ್ನು ನೋಡಬೇಕು. ಸುಮ್ನೆ ಆ ಕಡೆ ನೋಡಿದರೆ ಸಾಲದು, ಕಣ್ಣು ಸರಿಯಾಗಿ ಕಣ್ಣಿಗೇ ಬೀಳಬೇಕು. ಎರಡನೆಯ ನೀವು ಕೂರುವ ಜಾಗದಲ್ಲಿ ಮುಖ ಬರುವ ಎತ್ತರಕ್ಕೆ ಒಂದು ಗುರುತು ಇಟ್ಟುಕೊಳ್ಳಿ. ಕುರ್ಚಿಯ ಬೆನ್ನಿಗೆ ಒಂದು ಚೀಲ ನೇತುಹಾಕಿದರೂ ಸಾಕು. ಅದನ್ನು ದಿಟ್ಟಿಸಿ ಫೋಟೋ ತೆಗೆದು, ಆಮೇಲೆ ಚೀಲ ತೆಗೆದು ನೀವು ಕೂತುಕೊಳ್ಳಿ. ಕೂತವನು ಪುಸ್ತಕ ಓದುತ್ತಿರಲಿ, ನಿಂತವನು ಹಿಂದಿನಿಂದ ಅದೇ ಪುಟಕ್ಕೆ ಇಣುಕುತ್ತಿರಲಿ. ನಿಂತವನ ಕಣ್ಣು ಪುಟದಿಂದ ಸ್ವಲ್ಪ ತಪ್ಪಿದರೂ ನೋಡುವವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನು ಅಂತ ಮಾತ್ರ ಹೇಳಲು ಬರಲ್ಲ.

ಬಟ್ಟೆ ಬದಲಿಸಬೇಕಾ ಅಂತ ಕೇಳುವವರಿದ್ದಾರೆ. ಬದಲಿಸಿದರೆ ಅವಳಿ ಜವಳಿ ಅಂದುಕೊಂಡು ಮುಂದೆ ಹೋಗುತ್ತಾರೆ. ಅದೇ ಶರ್ಟ್, ತೋಳಿನ ಮೇಲೆ ಅದೇ ಮಡಿಕೆ ಇದ್ದರೆ ನಿಂತು ನೋಡುತ್ತಾರೆ. ಫೈಲನ್ನು ಮಾತ್ರ ಜಿಂಪ್‌ನ ಎಕ್ಸ್‌ಸಿಎಫ್ ಅಥವಾ ಫೋಟೋಶಾಪ್‌ನ ಪಿಎಸ್‌ಡಿಯಾಗಿ ಸೇವ್ ಮಾಡಿಕೊಂಡು, ಆಮೇಲೆ ಜೆಪೆಗ್ ಮಾಡಿ. ಜೆಪೆಗ್‌ನಲ್ಲಿ ಲೇಯರ್ ಉಳಿಯಲ್ಲ. ಕಾಲಿನ ಹತ್ತಿರ ನೆರಳು ಕತ್ತರಿಸಿಹೋಗಿದೆ ಅಂತ ಮರುದಿನ ಕಣ್ಣಿಗೆ ಬಿದ್ದರೆ ತಿದ್ದುವುದಕ್ಕೆ ಏನೂ ಇರುವುದಿಲ್ಲ.